ಯಾವ ದೆವ್ವದಿಂದ ಶುರು ಮಾಡುವುದು

ಪುಸ್ತಕ ಎಂದ ಮೇಲೆ ಮೊದಲ ಪುಟದಿಂದ ಓದಬೇಕು ಎಂಬುದು ಹಿರಿಯರು ನಮಗೆ ಕಲಿಸಿದ ಪಾಠ. ಪುರಾಣಕ್ಕೆ ಈ ಮಾತು ಸರಿ, ಪಂಚಾಂಗಕ್ಕೆ ಸರಿಯಲ್ಲ, ದೆವ್ವದ ಕಥೆಗಳಿಗಂತೂ ಸುತರಾಂ ಸಲ್ಲದು. ಎಂದೋ ಸತ್ತುಹೋದ ಇಂಗ್ಲಿಷ್ ಕಥೆಗಾರನೊಬ್ಬ ಜೀವಮಾನವಿಡೀ ಜನರನ್ನು ಹೆದರಿಸಲೆಂದೇ ಬರೆದದ್ದನ್ನೆಲ್ಲ ಒಂದೇ ರಟ್ಟಿನೊಳಗೆ ಹೊಲಿದು ನಿಮ್ಮ ಕೈಗೆ ಕೊಟ್ಟರೆ ಎಲ್ಲಿಂದ ಶುರು ಮಾಡುತ್ತೀರಿ? ಇದು ಸಾಹಿತ್ಯದ ಪ್ರಶ್ನೆ ಎಂದು ನೀವು ತಿಳಿಯಬಹುದು. ನಮ್ಮ ಮನೆಯಲ್ಲಿ ಅದು ಹೆರಿಗೆಯ ಪ್ರಶ್ನೆಯಾಗಿತ್ತು.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಬಂಗಾರಪೇಟೆ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತ. ಹೆಂಡತಿ ಸರೋಜ ಹತ್ತಿರದ ಗಣಿಯೂರಾದ ಕೋರಮಂಡಲ್ಲಿನವಳು, ಅವಳಪ್ಪ ಚಿನ್ನದ ಗಣಿಗೆ ಇಳಿಯುವವರು. ಅವಳಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದಕ್ಕೆ ನಮ್ಮಮ್ಮನದೇನೂ ತಕರಾರಿರಲಿಲ್ಲ. ಆದರೆ ತವರು ಮನೆ ಅಲುಗಾಡಬಾರದು ಅಷ್ಟೆ. ಕೋರಮಂಡಲ್ಲಿನ ಮನೆ ಅಲುಗಾಡುತ್ತಿತ್ತು. ಗಣಿಯ ಆಳದಲ್ಲಿ ಎಲ್ಲೋ ಬಂಡೆ ಸಿಡಿದರೆ ಮೇಲೆ ಬೀದಿಗೆ ಬೀದಿಯೇ ನಡುಗಿ, ಅಟ್ಟದ ಪಾತ್ರೆಗಳು ತಮ್ಮತಮ್ಮಲ್ಲೇ ಮಾತಾಡತೊಡಗುತ್ತವೆ. ನಮ್ಮ ನಿಶ್ಚಿತಾರ್ಥದ ದಿನವೇ ಹಾಗಾಗಿ, ಹೊರಗೋಡಿದ ಅಮ್ಮ ಮತ್ತೆ ಒಳಗೆ ಬರಲು ಒಪ್ಪದೆ ಉಳಿದ ಶಾಸ್ತ್ರವನ್ನೆಲ್ಲ ಬೀದಿಯಲ್ಲೇ ಮುಗಿಸಬೇಕಾಯಿತು.

"ಬಸುರಿ ಎಂಗ್ಸು ಬೆಚ್ಚಿ ಬೀಳ್‌ಬಾರ್ದು ಕಣ್ಲಾ. ಆ ಮನೆಗೆ ನಾನ್ ಕಳ್ಸಲ್ಲ," ಎಂದು ಕಾಮಸಮುದ್ರದ ಕಡೆಯ ನಮ್ಮಮ್ಮ ನನ್ನ ಮುಂದೆ ಹೇಳುವಳು.

"ನಾನು ಉಟ್ಟಿ ಬೆಳೆದಿದ್ದೇ ಆ ಮನೇಲಿ ಅತ್ತೆ. ತೊಟ್ಲು ತೂಗೋ ಕೆಲ್ಸಾನೂ ಇರ್ಲಿಲ್ವಂತೆ ನಮ್ಮಮ್ಮಂಗೆ," ಎಂದು ಸರೋಜ ಗೋಡೆಯ ಮುಂದೆ ಹೇಳುವಳು.

ಆ ದಿನಗಳಲ್ಲಿ ಮನೆಯಲ್ಲಿ ಒಬ್ಬರೂ ಒಂದು ಕಡೆ ಕೂತವರಲ್ಲ. ಸರೋಜ ಟ್ರಂಕಿಗೆ ಸೀರೆ ತುಂಬುವಳು. ಒಗೆಯಬೇಕು ಎಂಬ ನೆಪದಲ್ಲಿ ಅಮ್ಮ ಅವನ್ನು ತೆಗೆಯುವಳು. ಒಗೆದೂ ಒಗೆದೂ ಆ ಸೀರೆಗಳ ಬಣ್ಣ ಹೋಯಿತು. ನಾನು ಜಗಲಿಗೂ ನಡುಮನೆಗೂ ಅಲೆಯುತ್ತಿದ್ದೆ. ಇಂಥ ಹೊತ್ತಿನಲ್ಲಿ ಇಂಗ್ಲಿಷ್ ಸುಧಾರಿಸಿಕೊಳ್ಳೋಣವೆಂದು ನಮ್ಮ ಸ್ಟೇಷನ್ನಿನ ಗಾರ್ಡ್ ಸಾಹೇಬರಿಂದ ಆ ದಪ್ಪ ಪುಸ್ತಕ ತಂದೆ. ಅದರಲ್ಲಿರುವುದೆಲ್ಲ ದೆವ್ವವೇ ಎಂದು ತಿಳಿದ ಕೂಡಲೇ ಸರೋಜ ಎದ್ದು ಅಮ್ಮನ ಎದುರು ನಿಂತಳು.

"ಅತ್ತೆ, ಇವ್ರು ಇದನ್ನ ಕನ್ನಡದಲ್ಲಿ ಓದಿ ಏಳ್ಲಿ. ಒಂದ್ಸಲ ಬೆಚ್ಚಿದ್ರೂ ನಾನು ಇಲ್ಲೇ ಇರ್ತೀನಿ. ಬೆಚ್ಚದಿದ್ರೆ ನೀವು ಕಳ್ಸಬೇಕು."

ಬಸುರಿಯ ಕಿವಿಗೆ ದೆವ್ವದ ಕಥೆ ಬೀಳಬಹುದೇ ಎಂದು ಅಮ್ಮ ಸ್ವಲ್ಪ ಯೋಚಿಸಿದಳು. ಕೊನೆಗೆ, "ಇಂಗ್ಲೀಷ್ ದೆವ್ವ ತಾನೆ, ನಮ್ಮೋರ್ಗೆ ಅಂಟಲ್ಲ. ಅಣೆಗೆ ಈಬೂತಿ ಇಟ್ಕೊಂಡ್ ಕೂತ್ಕೊ," ಎಂದಳು.

ಅಲ್ಲಿಗೆ ಎಲ್ಲಿಂದ ಶುರು ಮಾಡಬೇಕೆಂಬ ಭಾರ ನನ್ನ ತಲೆಯ ಮೇಲೆ ಬಿತ್ತು. ಸಪ್ಪೆ ಕಥೆ ಆರಿಸಿದರೆ ಹೆಂಡತಿ ಕೋರಮಂಡಲ್ಲಿಗೆ, ಖಾರದ್ದು ಆರಿಸಿದರೆ ಬಂಗಾರಪೇಟೆಯಲ್ಲೇ. ಕಾಫಿ ಕೊಡುವಾಗ ಅಮ್ಮ ಪಿಸುಗುಟ್ಟಿದಳು: "ಎದೆ ಒಡೆಯೋ ಅಂತಾದ್ದು ಬ್ಯಾಡ ಕಣಪ್ಪ. ಒಂದು ಕಿತ ಬೆಚ್ಚಿದ್ರೆ ಸಾಕು, ಅಂತಾದ್ ನೋಡು." ಸರೋಜ ಶಿಫಾರಸು ಮಾಡುವವಳಲ್ಲ. "ನೀವು ಎಲ್ಲಿಂದಾದ್ರೂ ಓದ್ಕೊಳ್ಳಿ," ಎಂದು ನನ್ನ ಮುಖವನ್ನೇ ನೋಡಿದಳು. ಆ ನೋಟದ ಮುಂದೆ ಯಾವ ಕಥೆಯೂ ಸಪ್ಪೆಯೇ. ಆದರೂ ನನ್ನ ಮನಸ್ಸು ಅಮ್ಮನ ಪಕ್ಷದಲ್ಲಿತ್ತು. ಆಫೀಸಿನಿಂದ ಬಂದಾಗ ಸರೋಜಳಿಲ್ಲದ ಮನೆಯನ್ನು ನೆನೆಸಿಕೊಂಡರೇ ಕಳವಳವಾಗುತ್ತಿತ್ತು.

ಗಾರ್ಡ್ ಸಾಹೇಬರನ್ನೇ ಕೇಳಿದೆ. ಕನ್ನಡ, ತಮಿಳು, ಇಂಗ್ಲಿಷುಗಳನ್ನು ಒಂದೇ ಬೋಗಿಯಲ್ಲಿ ತುಂಬಿ ಕಳಿಸುವ ಮನುಷ್ಯ ಅವರು. "ಮೊದಲಿಂದ ಓದ್ಬೇಡ ಮ್ಯಾನ್. ಅದು ಚಿಕ್ಕ ವಯಸ್ಸಲ್ಲಿ ಬರೆದಿದ್ದು, ದೆವ್ವ ಬರತ್ತೆ, ಸಲಾಂ ಹೊಡೆದು ಹೋಗತ್ತೆ. ಕೊನೇದು ಮುದುಕ ಆದ್ಮೇಲೆ ಬರೆದಿದ್ದು, ಬರೀ ಮಂಜು. ನಡುವಿಂದ ಶುರು ಮಾಡು. ಆದ್ರೆ ಒಬ್ನೇ ಓದ್ಬೇಡಪ್ಪಾ," ಎಂದು ಒಂದು ಪುಟದ ಮೂಲೆ ಮಡಚಿಕೊಟ್ಟರು. ಮಾರನೆಯ ದಿನವೇ ಅವರು ರಜೆಯ ಮೇಲೆ ಊರಿಗೆ ಹೊರಟುಹೋದರು. ಅವರು ಬರುವವರೆಗೆ ಪುಸ್ತಕ ನಮ್ಮ ಮನೆಯಲ್ಲೇ.

ಭಾನುವಾರ ಮಧ್ಯಾಹ್ನ ಅತ್ತೆ ಸೊಸೆ ನೆನೆಸಿದ ಅವರೆಕಾಳು ಹಿಸುಕುತ್ತ ಕೂತರು. ನಾನು ಮಡಚಿದ ಪುಟ ತೆರೆದೆ. ಒಂಟಿ ಮನುಷ್ಯನೊಬ್ಬ ಹಳೆಯ ಮನೆಯನ್ನು ಬಾಡಿಗೆಗೆ ಹಿಡಿಯುತ್ತಾನೆ. ಸಂಜೆ ಯಾರೋ ಗೇಟು ತಟ್ಟುತ್ತಾರೆ. ನೋಡಿದರೆ ಯಾರೂ ಇಲ್ಲ. ಮರುದಿನ ಮುಂಬಾಗಿಲು. ಅದರ ಮರುದಿನ ಮಲಗುವ ಕೋಣೆಯ ಬಾಗಿಲು. ಹೆದರಿದ ಅವನು ಕೋಣೆಗೆ ಬೀಗ ಜಡಿದುಕೊಂಡು ಒಳಗೇ ಕೂತ ಸಂಜೆ, ತಟ್ಟುವ ಸದ್ದು ಅವನ ಬೆನ್ನ ಹಿಂದಿನ ಬೀರುವಿನೊಳಗಿಂದ ಬರುತ್ತದೆ. ಅಲ್ಲಿಗೆ ಬರುವಷ್ಟರಲ್ಲಿ ನಾನು ಸರಿದು ಗೋಡೆಗೆ ಬೆನ್ನು ಹಚ್ಚಿ ಕೂತಿದ್ದೆ. ಸರೋಜಳ ಬೆರಳುಗಳ ನಡುವೆ ಅವರೆಕಾಳು ಪಚಕ್ ಪಚಕ್ ಎನ್ನುತ್ತಲೇ ಇತ್ತು. ಅಮ್ಮನ ಕಡೆಯ ಸದ್ದು ಯಾವಾಗಲೋ ನಿಂತಿತ್ತು.

"ಬೀರು ತೆಗ್ದು ನೋಡ್ಬಾರ್ದಾ ಅವ್ನು," ಎಂದಳು ಸರೋಜ.

ಅಷ್ಟರಲ್ಲಿ ನಮ್ಮ ಬಾಗಿಲನ್ನೇ ಯಾರೋ ತಟ್ಟಿದರು. ಅಮ್ಮ ಕೂತಲ್ಲಿಂದಲೇ ನಡುಗುವ ದನಿಯಲ್ಲಿ, "ನಾಳೆ ಬಾ," ಎಂದಳು.

"ಒಗ್ಗರಣೆ ಇವತ್ತಿಂದು ಕಣಕ್ಕ. ಒಂದೆಸಳು ಕರಿಬೇವು ಕೊಡು," ಎಂದಿತು ಹೊರಗಿನಿಂದ ಪಕ್ಕದ ಮನೆಯ ರಂಗಮ್ಮನ ದನಿ. ಸರೋಜಳೇ ಎದ್ದು ಹೋಗಿ ಕೊಟ್ಟು ಬಂದಳು.

ಅಮ್ಮ ಮಾತಿಗೆ ತಪ್ಪುವವಳಲ್ಲ. ಒಳ್ಳೆಯ ದಿನ ನೋಡಿ ಸೊಸೆಯನ್ನು ಕಳಿಸಲು ಒಪ್ಪಿದಳು. ಆ ದಿನ ಸ್ಟೇಷನ್ನಿಗೆ ಹೊರಟಾಗ ನೋಡುತ್ತೇನೆ, ಅಮ್ಮನ ಕಂಕುಳಲ್ಲೂ ಒಂದು ಗಂಟು. "ಮೊದಲ್ನೇ ಎರಿಗೆ, ಅವರಮ್ಮ ಒಬ್ಳೇ ಏನ್ ಮಾಡ್ತಾಳೆ," ಎಂದಳು. ರೈಲು ಹತ್ತಿ ಕೂತ ಮೇಲೆ ನಿಜವಾದ ಕಾರಣ ಹೊರಬಂತು: "ಆ ಬುಕ್ಕು ಮನೇಲೈತಲ್ಲಪ್ಪ."

ಅವರಿಬ್ಬರೂ ಹೋದ ಮೇಲೆ ಮನೆಯಲ್ಲಿ ಉಳಿದವರು ನಾನು, ಪುಸ್ತಕ ಮತ್ತು ನಮ್ಮದೇ ಒಂದು ಬೀರು. ಒಳಗಿಂದ ಯಾರೂ ತಟ್ಟುವ ತೊಂದರೆ ತೆಗೆದುಕೊಳ್ಳದಿರಲೆಂದು ಬೀರುವಿನ ಬಾಗಿಲನ್ನು ತೆರೆದೇ ಇಟ್ಟೆ. ಸೇರಿದ್ದು ಜಿರಳೆಗಳು. ಕೂತರೆ ಏಳಬೇಕು, ಎದ್ದರೆ ಹಿಂದೆ ತಿರುಗಿ ನೋಡಬೇಕು. ವಾರ ಕಳೆಯುವುದನ್ನೇ ಕಾದು ಕೋರಮಂಡಲ್ಲಿನ ರೈಲು ಹತ್ತಿದೆ.

ಅಲ್ಲಿ ಊಟಕ್ಕೆ ಕೂತಿದ್ದೇವೆ, ಅಟ್ಟದ ಪಾತ್ರೆಗಳು ಮಾತಾಡಿದವು. ನನ್ನ ಅತ್ತೆ ಮೊದಲು ತಿರುಗಿ ಮಾವನವರನ್ನು ನೋಡಿದರಂತೆ. ಗಂಡ ಗಣಿಯೊಳಗಿಲ್ಲ, ಎಲೆಯ ಮುಂದೆಯೇ ಇದ್ದಾರೆಂದು ಕಂಡ ಮೇಲೆ ಮತ್ತೆ ಅನ್ನ ಬಡಿಸಿದರಂತೆ. ಸರೋಜ ಹುಳಿಯ ಪಾತ್ರೆಗೆ ಕೈ ಆನಿಸಿದಳಂತೆ. ನಮ್ಮಮ್ಮ ಮಜ್ಜಿಗೆಯ ಲೋಟ ಎತ್ತಿ ಹಿಡಿದು, ಆಡುತ್ತಿದ್ದ ಮಾತನ್ನು ನಿಲ್ಲಿಸಲೇ ಇಲ್ಲವಂತೆ. ಕೈಯಲ್ಲಿ ಕಲಸಿದ ತುತ್ತು ಹಿಡಿದು ಬೀದಿಯಲ್ಲಿ ನಿಂತಿದ್ದ ನನಗೆ ಅವಳ ಮಾತು ಮಾತ್ರ ಕೇಳಿಸಿತು: "ಅವನ್ನ ಇಲ್ಲಿ ಬೆಚ್ಚಿಸ್ಬೇಡ್ರಪ್ಪ. ಉಣ್ಣಾಕಿಕ್ಕಿ ಬಂಗಾರ್‌ಪೇಟೆಗೆ ಕಳ್ಸಿಬಿಡಿ."

ಹೀಗೆ ತಟ್ಟುವ ಮನೆಗೂ ನಡುಗುವ ಮನೆಗೂ ಓಡಾಡುತ್ತಿರುವಾಗಲೇ ಸರೋಜ ಸುಖವಾಗಿ ಹಡೆದಳು. ಮಗಳು. ಹುಟ್ಟಿದ ಸ್ವಲ್ಪ ಹೊತ್ತಿಗೆ ಮನೆ ಇನ್ನೊಮ್ಮೆ ಅಲುಗಿತಂತೆ. ಕೂಸು ಆಕಳಿಸಿ ಮತ್ತೆ ಮಲಗಿತಂತೆ. 'ಅಂತೆ' ಎಂದು ಯಾಕೆ ಹೇಳುತ್ತಿದ್ದೇನೆಂದರೆ, ಆಗಲೂ ನಾನು ಬೀದಿಯಲ್ಲಿದ್ದೆ.