ನನ್ನ ಮಗನ ಹೊಟ್ಟೆ ಕಟ್ಟಿದ ಕಂಪನಿಯ ದೊಡ್ಡವರಿಗೆ

ಮಾನ್ಯ ವ್ಯವಸ್ಥಾಪಕ ನಿರ್ದೇಶಕರು,
ಟುಂಬೊಲಿನ್ ಶಿಶು ಆಹಾರ ಕಂಪನಿ,
ಅಕ್ರಾ.

ಮಾನ್ಯರೇ,

ಕಡಲಂಚಿನ ನಮ್ಮೂರು ಕೇಟಾದ ಮರಳು, ಉಪ್ಪುಗಾಳಿ ಮತ್ತು ಒಣಮೀನಿನ ವಾಸನೆಯ ಪರವಾಗಿ ತಮಗೆ ಗೌರವಪೂರ್ವಕ ವಂದನೆಗಳು. ತಾವೂ ತಮ್ಮ ಮಡದಿ ಮಕ್ಕಳೂ ಕ್ಷೇಮವಾಗಿದ್ದೀರೆಂದೂ, ಮುಖ್ಯವಾಗಿ ತಮ್ಮೆಲ್ಲರ ಹೊಟ್ಟೆಗಳು ದಿನಾ ಬೆಳಿಗ್ಗೆ ಯಾರ ಒತ್ತಾಯವೂ ಇಲ್ಲದೆ ತಮ್ಮ ಕರ್ತವ್ಯವನ್ನು ನಿರ್ವಹಿಸುತ್ತಿವೆಯೆಂದೂ ನಂಬಿದ್ದೇನೆ. ಹೊಟ್ಟೆಯ ವಿಚಾರವನ್ನು ಮೊದಲ ಸಾಲಿನಲ್ಲೇ ಎತ್ತಿದ್ದಕ್ಕೆ ಕ್ಷಮೆಯಿರಲಿ. ತಮ್ಮ ಕೃಪೆಯಿಂದ ಕೆಲವು ಕಾಲ ನಮ್ಮ ಮನೆಯಲ್ಲಿ ಬೇರೆ ವಿಚಾರವೇ ಇರಲಿಲ್ಲ.

ನನ್ನ ಹೆಸರು ಅಕೋಫಾ. ಮಾರುಕಟ್ಟೆಯ ಹಿಂದೆ 'ತಾಳ್ಮೆಯೇ ಬಲ' ಎಂದು ಹಲಗೆ ಹಾಕಿಕೊಂಡು ಹೆಂಗಸರಿಗೆ ಜಡೆ ಹೆಣೆಯುತ್ತೇನೆ. ಹಲಗೆಯ ಮಾತು ಕುರ್ಚಿಯಲ್ಲಿ ಕೂರುವವರಿಗೆ ಹೇಳಿದ್ದೇ ಹೊರತು ನನಗೆ ಅನ್ವಯಿಸುವುದಿಲ್ಲವೆಂದು ಮೊದಲೇ ತಿಳಿಸುವುದು ಒಳ್ಳೆಯದು. ನನ್ನ ಗಂಡ ದೆಲಾಲಿ ಮೀನು ದೋಣಿಗಳ ಮೋಟಾರು ರಿಪೇರಿ ಮಾಡುತ್ತಾನೆ. ನಮ್ಮ ಮಗ ಎಲಿಕೆಮ್. ಬರೀ ಎದೆಹಾಲಿನಲ್ಲಿ ಗುಂಡಗೆ ಬೆಳೆದು, ಯಾರ ತಟ್ಟೆ ಕಂಡರೂ ಕೈ ಚಾಚುವ ವಯಸ್ಸಿಗೆ ಬಂದಿದ್ದ. ಅಲ್ಲಿಯವರೆಗೆ ಅವನು ಕಕ್ಕ ಮಾಡುವ ವಿಷಯದಲ್ಲಿ ಯಾರಿಗೂ ಯಾವ ದೂರೂ ಇರಲಿಲ್ಲ. ಇದ್ದರೆ ಅವನ ಬಟ್ಟೆ ಒಗೆಯುವ ನನಗೊಬ್ಬಳಿಗೆ.

ಅಂಥ ಹೊತ್ತಿನಲ್ಲಿ ತಮ್ಮ ಪ್ರತಿನಿಧಿ ಶ್ರೀ ಗೆರ್ಶೋನ್ ಅವರು ನಮ್ಮ ಬೀದಿಗೆ ದಯಮಾಡಿಸಿದರು. ಬಿಳಿ ಕೋಟು ತೊಟ್ಟಿದ್ದರು. ಆ ಕೋಟಿನ ಜೇಬಿನಲ್ಲಿ ಎರಡು ಪೆನ್ನುಗಳಿದ್ದವು. ಡಾಕ್ಟರು ಎಂದು ಅವರು ಹೇಳಿಕೊಳ್ಳಲಿಲ್ಲ, ಅಷ್ಟು ಪ್ರಾಮಾಣಿಕರು. ಆದರೆ ಡಾಕ್ಟರೇ ಎಂದು ನಾವು ಕರೆದಾಗ ಅಲ್ಲ ಎಂದೂ ಹೇಳಲಿಲ್ಲ, ಅಷ್ಟು ವಿನಯವಂತರು. ನನ್ನ ಅಂಗಡಿಯ ಮುಂದಿನ ಬಾದಾಮಿ ಮರದ ನೆರಳಲ್ಲಿ ಹೆಂಗಸರನ್ನು ಕೂರಿಸಿಕೊಂಡು ತಮ್ಮ ಡಬ್ಬವನ್ನು ದೇವರ ಪುಸ್ತಕದಂತೆ ಎರಡೂ ಕೈಯಲ್ಲಿ ಎತ್ತಿಹಿಡಿದರು. "ನೋಡಿ ತಾಯಂದಿರೇ, ನಿಮ್ಮ ಜೋಳದ ಅಂಬಲಿ ಬರೀ ಹುಳಿ ನೀರು. ಇದು ಶಕ್ತಿ! ಗಟ್ಟಿಯಾಗಿ ಕಲಸಬೇಕು. ಚಮಚ ನಿಲ್ಲಿಸಿದ್ರೆ ಬೀಳಬಾರ್ದು, ಹಂಗೆ. ಒಂದು ಬಟ್ಟಲು ತಿಂದ್ರೆ ಮಗು ಸುಮ್ನೆ ಮಲಗುತ್ತೆ, ಮನೆಯೆಲ್ಲ ಶಾಂತಿ" ಎಂದರು.

ನನ್ನ ಅತ್ತೆ ಅಬ್ಲಾ, ಬೀದಿಗೆಲ್ಲ ಅಬ್ಲಾಜ್ಜಿ, ಈರುಳ್ಳಿ ಮಡಿಯಿಂದ ಬಂದವರು ಅಲ್ಲೇ ನಿಂತಿದ್ದರು. "ನಿಂತ ಚಮಚ ಹೊಟ್ಟೇಲೂ ನಿಂತೇ ಇದ್ರೆ ಏನಪ್ಪಾ ಮಾಡೋದು?" ಎಂದು ಕೇಳಿದರು. ಎಲ್ಲರೂ ನಕ್ಕರು. ಶ್ರೀ ಗೆರ್ಶೋನ್ ಅವರೂ ನಕ್ಕರು. ನಗುತ್ತಲೇ ಡಬ್ಬದ ಬೆಲೆ ಹೇಳಿದರು.

ತಮ್ಮ ಆಹಾರದ ಗುಣವನ್ನು ನಾನು ಮುಚ್ಚಿಡುವುದಿಲ್ಲ, ಮಾನ್ಯರೇ. ಅವರು ಹೇಳಿದಂತೆಯೇ ಕಲಸಿದೆ, ಚಮಚ ನಿಂತಿತು. ಎಲಿಕೆಮ್ ಕಣ್ಣರಳಿಸಿ ತಿಂದ, ಮಲಗಿದ. ಮನೆಯಲ್ಲಿ ಶಾಂತಿಯೂ ನೆಲೆಸಿತು. ಒಗೆಯುವ ಬಟ್ಟೆ ಕಡಿಮೆಯಾಯಿತು. ಆಮೇಲೆ ಇಲ್ಲವೇ ಇಲ್ಲವಾಯಿತು. ಮೊದಲು ನಾನು ಇದನ್ನೂ ತಮ್ಮ ಕಂಪನಿ ತಾಯಂದಿರಿಗೆ ಕೊಟ್ಟ ಉಡುಗೊರೆಯೆಂದು ತಿಳಿದು ಮನಸ್ಸಿನಲ್ಲೇ ಹರಸಿದೆ.

ಮರುಭೂಮಿಯ ಒಣ ಹರ್ಮಟಾನ್ ಗಾಳಿ ಬೀಸುವ ಕಾಲವದು. ತುಟಿ ಒಡೆಯುತ್ತದೆ, ಹಿನ್ನೀರು ಬತ್ತಿ ಉಪ್ಪಿನ ಹೆಪ್ಪು ಕಟ್ಟುತ್ತದೆ, ಗೋಡೆಯ ಮಣ್ಣು ಬಿರಿಯುತ್ತದೆ. ನನ್ನ ಮಗನ ಒಳಗೆ ತಮ್ಮ ಶಕ್ತಿಯೂ ಹಾಗೆಯೇ ಹೆಪ್ಪುಗಟ್ಟಿತು. ಅವನು ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡು ತಿಣುಕತೊಡಗಿದ. ಹಣೆಯ ನರ ಉಬ್ಬುತ್ತಿತ್ತು, ಕಣ್ಣಲ್ಲಿ ನೀರು ತುಂಬುತ್ತಿತ್ತು, ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿದು ನನ್ನನ್ನೇ ನೋಡುತ್ತಿದ್ದ. ಇಷ್ಟು ದುಡಿದ ಮೇಲೆ ಬಂದದ್ದು ಆಡಿನ ಹಿಕ್ಕೆಯಂಥ ಒಂದೆರಡು ಉಂಡೆ, ಅದರ ಮೇಲೆ ದಾರದೆಳೆಯಷ್ಟು ರಕ್ತ. ಅದನ್ನು ಕಂಡು ನನ್ನ ಕೈಯಿಂದ ಬಾಚಣಿಗೆ ಬಿತ್ತು.

ಜಡೆ ಹೆಣೆಯುವ ಅಂಗಡಿಯಲ್ಲಿ ಗುಟ್ಟು ಉಳಿಯುವುದಿಲ್ಲವೆಂಬುದು ತಮ್ಮ ಮನೆಯ ಹೆಂಗಸರಿಗೂ ಗೊತ್ತಿರುತ್ತದೆ. ಮರುದಿನದಿಂದ ಬಂದವರೆಲ್ಲ "ಹೇಗಿದ್ದೀಯ" ಎಂಬುದರ ಬದಲು "ಕಕ್ಕ ಆಯ್ತಾ?" ಎಂದು ಕೇಳತೊಡಗಿದರು. ಮೀನು ಮಾರುವವಳೊಬ್ಬಳು, "ಸೋಪಿನ ಚೂರು ಸೀಳಿ ಹಿಂದಿನಿಂದ ಇಡೇ, ಜರ್ರಂತ ಬರುತ್ತೆ" ಎಂದಳು. ಪಾದ್ರಿಯ ಹೆಂಡತಿ ಪ್ರಾರ್ಥನೆ ಮಾಡುತ್ತೇನೆಂದರು. ಅದೊಂದೇ ಅಪಾಯವಿಲ್ಲದ ಸಲಹೆಯಾಗಿತ್ತು. ದೆಲಾಲಿ ಮಾತ್ರ ತನ್ನ ವೃತ್ತಿಧರ್ಮ ಬಿಡದೆ, "ಎಣ್ಣೆ ಕಮ್ಮಿಯಾಗಿರ್ಬೇಕು ಕಣೆ" ಎಂದ.

ಇಷ್ಟು ಜನರ ಸಲಹೆಗಿಂತ ತಯಾರಿಸಿದವರನ್ನೇ ಕೇಳುವುದು ಮರ್ಯಾದೆಯೆಂದು ಡಬ್ಬದ ಮೇಲಿನ ಸಂಖ್ಯೆಗೆ ಫೋನು ಮಾಡಿದೆ. ಬಹಳ ಹೊತ್ತು ಪಿಯಾನೋ ಕೇಳಿಸಿದಿರಿ. ಚೆನ್ನಾಗಿತ್ತು, ನನ್ನ ಮಗನೂ ಅದರ ತಾಳಕ್ಕೆ ತಿಣುಕಿದ. ಕೊನೆಗೆ ಜೇನಿನಂಥ ದನಿಯ ಹುಡುಗಿಯೊಬ್ಬಳು, "ಅಮ್ಮಾ, ಪ್ರೀತಿಯಿಂದ ತಿನ್ನಿಸ್ತಾ ಇದ್ದೀರಾ?" ಎಂದಳು.

"ಪ್ರೀತಿಯಿಂದಲೇ ತಿನ್ನಿಸ್ತಿದ್ದೀನಿ ತಾಯಿ. ಹೋಗಿದ್ದು ಹೊರಗೆ ಬರ್ತಿಲ್ಲ."

"ಹಾಗಿದ್ರೆ ಒಂದು ಚಮಚ ಜಾಸ್ತಿ ಹಾಕಿ ನೋಡಿ. ಆಗ್ಲೂ ಆಗ್ಲಿಲ್ಲ ಅಂದ್ರೆ ನಮ್ಮ ಹಸಿರು ಡಬ್ಬ ಬಂದಿದೆ, ಅದನ್ನ ತಗೊಳ್ಳಿ."

ಬಾಗಿಲು ತೆರೆಯದೆ ಒದ್ದಾಡುವವನಿಗೆ ಇನ್ನೊಂದು ಬೀಗ ಮಾರುವ ಈ ಜಾಣತನಕ್ಕೆ ನಾನು ತಲೆಬಾಗಿದೆ. ತಲೆಬಾಗಿ, ಫೋನು ಇಟ್ಟೆ.

ಆ ಮಧ್ಯಾಹ್ನ ನಡೆದದ್ದನ್ನು ತಾವು ಮೇಜಿನ ಮೇಲಿರುವ ಬೇರೆ ಕಾಗದಗಳನ್ನು ಬದಿಗಿಟ್ಟು ಓದಬೇಕೆಂದು ಪ್ರಾರ್ಥನೆ. ಎಸಿನಾಮ್ ಎಂಬ ಗಿರಾಕಿ ಕುರ್ಚಿಯಲ್ಲಿದ್ದಳು. ಮಾತು ಕಡಿಮೆ, ಕಣ್ಣು ಮುಚ್ಚಿ ಕೂರುವವಳು. ಅವಳ ತಲೆಯ ಎಡಭಾಗ ಹೆಣೆದು ಮುಗಿಸಿದ್ದೆ, ಬಲಭಾಗ ಇನ್ನೂ ಬಿಚ್ಚಿ ನಿಂತಿತ್ತು. ಅಷ್ಟರಲ್ಲಿ ಅತ್ತೆ ಹಿತ್ತಲ ಬಾಗಿಲಿನಿಂದ ಬಂದರು. ಒಂದು ಕೈಯಲ್ಲಿ ಅರೆದ ಶುಂಠಿ, ಮೆಣಸಿನಪುಡಿ ಕದಡಿದ ಬಿಸಿನೀರಿನ ಬೋಗುಣಿ, ಇನ್ನೊಂದರಲ್ಲಿ ಉದ್ದ ಮೂತಿಯ ಕೆಂಪು ರಬ್ಬರ್ ಬುಡ್ಡಿ. ಹಿಂದಿನಿಂದ ನೀರು ಹಾಯಿಸುವ ಆ ಬುಡ್ಡಿ ನಮ್ಮಲ್ಲಿ ಇಲ್ಲದ ಮನೆಯಿಲ್ಲ. ಮಗುವನ್ನು ಚಾಪೆಯಿಂದೆತ್ತಿ ತೊಡೆಯ ಮೇಲೆ ಬೋರಲು ಹಾಕಿಕೊಂಡರು.

"ಅತ್ತೆ, ಬೇಡ. ಇನ್ನೂ ಎಳೇ ಕೂಸು."

"ನಿನ್ ಗಂಡನೂ ಎಳೇ ಕೂಸೇ ಆಗಿದ್ದ. ಅವನಿಗೂ ಹಾಕಿದ್ದೀನಿ, ಅವನ ತಮ್ಮಂದಿರಿಗೂ ಹಾಕಿದ್ದೀನಿ. ಸತ್ತರಾ? ಡಬ್ಬದ ಮಾತು ಕೇಳ್ತೀಯ, ಹೆತ್ತೋರ ಮಾತು ಕೇಳಲ್ಲ. ಕಾಲು ಹಿಡ್ಕೋ ಬಾ."

ಡಬ್ಬದ ಮಾತು ಕೇಳಿದ್ದು ನಿಜವೇ ಆಗಿತ್ತಲ್ಲ. ಮಗುವಿನ ಸಂಕಟ ಹೇಗಾದರೂ ಮುಗಿಯಲಿ ಎಂದು ಅವನ ಕಾಲಿನತ್ತ ಕೈಚಾಚಿಯೂ ಬಿಟ್ಟಿದ್ದೆ.

"ಅಬ್ಲಾಜ್ಜಿ, ಅದನ್ನ ಕೆಳಗಿಡಿ."

ಎಸಿನಾಮ್ ಎದ್ದು ನಿಂತಿದ್ದಳು. ಅವಳ ದನಿ ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು. ಅತ್ತೆ, "ನಿಂಗ್ಯಾಕಮ್ಮ ಇದೆಲ್ಲ? ಕೂತ್ಕೋ, ತಲೆ ಮುಗಿಸ್ಕೋ" ಎಂದರು.

"ನನ್ನ ಮಗಳಿಗೂ ಶುಂಠಿ ನೀರೇ ಹಾಕಿದ್ದು. ಕಾಲು ಹಿಡ್ಕೊಂಡಿದ್ದು ನಾನೇ. ಒಳಗೆಲ್ಲ ಸುಟ್ಟುಹೋಗಿತ್ತಜ್ಜಿ. ದೊಡ್ಡಾಸ್ಪತ್ರೆ ಮುಟ್ಟೋ ಹೊತ್ತಿಗೆ ಅಳೋಕೂ ಶಕ್ತಿ ಇರಲಿಲ್ಲ ಅದಕ್ಕೆ. ನಿಮಗೆಲ್ಲ ಜ್ವರ ಅಂದಿದ್ದೆ. ಜ್ವರ ಅಲ್ಲ."

ಆ ಮಗುವಿನ ಸಾವಿಗೆ ಹೋಗಿ ಅತ್ತವರಲ್ಲಿ ನಮ್ಮ ಅತ್ತೆಯೂ ಒಬ್ಬರು. ಅವರು ಎಸಿನಾಮಳ ಮುಖ ನೋಡಿದರು. ಆಮೇಲೆ ಬುಡ್ಡಿಯನ್ನು ನೆಲಕ್ಕಿಟ್ಟು, ಬೋಗುಣಿಯನ್ನು ಕಾಲಿಂದ ದೂರ ಸರಿಸಿ, ಮೊಮ್ಮಗನನ್ನು ಎದೆಗಾನಿಸಿಕೊಂಡರು. "ನಡೀರೇ. ಆರೋಗ್ಯ ಕೇಂದ್ರದ ಆ ಸಿಸ್ಟರ್ ಹತ್ರ ಹೋಗೋಣ" ಎಂದರು.

ಹಾಗೆ ನಾವು ಮೂವರು ಬೀದಿಯಲ್ಲಿ ಹೊರಟೆವು: ಅಳುವ ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ನಾನು, ಶುಂಠಿಯ ವಾಸನೆ ಬೀರುವ ಅತ್ತೆ, ಅರ್ಧ ತಲೆ ರಾಣಿಯಂತೆ, ಅರ್ಧ ತಲೆ ಬಿರುಗಾಳಿಯಂತೆ ಇದ್ದ ಎಸಿನಾಮ್. ಬಾವಿಯ ಹತ್ತಿರ ಯಾರೋ, "ಎಸಿನಾಮ್, ಇದ್ಯಾವ ಹೊಸ ಫ್ಯಾಷನ್ನೇ?" ಎಂದು ಕೂಗಿದರು. ಅವಳು ತಿರುಗಿ ನೋಡಲಿಲ್ಲ. ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಕೂತಾಗ ನನ್ನ ಕೈ ಹಿಡಿದುಕೊಂಡವಳು ಸಿಸ್ಟರ್ ಕರೆಯುವವರೆಗೂ ಬಿಡಲಿಲ್ಲ.

ಸಿಸ್ಟರ್ ಯಾಯ್ರಾ ಬಿಳಿ ಕೋಟು ತೊಡುವುದಿಲ್ಲ. ಹೊಟ್ಟೆ ಮುಟ್ಟಿ ನೋಡಿದರು, ವಾಂತಿ ಉಂಟೇ ಎಂದು ಕೇಳಿದರು, ರಕ್ತ ಎಲ್ಲಿಂದ ಬಂತೆಂದು ಪರೀಕ್ಷಿಸಿದರು. ಗಟ್ಟಿ ಉಂಡೆ ಹೊರಬರುವಾಗ ಚರ್ಮ ಸೀಳಿದೆ, ಅಷ್ಟೇ ಎಂದರು. "ಡಬ್ಬ ನಿಲ್ಲಿಸಿ. ಎದೆಹಾಲು ಕೇಳಿದಾಗೆಲ್ಲ ಕೊಡಿ. ನಡುನಡುವೆ ಕುದಿಸಿ ಆರಿಸಿದ ನೀರು ಒಂದೊಂದು ಗುಟುಕು. ಹಣ್ಣಾದ ಪರಂಗಿ ಕಿವುಚಿ ತಿನ್ನಿಸಿ. ನಿಮ್ಮ ಜೋಳದ ಅಂಬಲಿ ಏನು ತಪ್ಪು ಮಾಡಿತ್ತು? ತೆಳ್ಳಗೆ ಕಾಯಿಸಿ, ಅದಕ್ಕೆ ಬೇಯಿಸಿದ ಕಾಳು ಅರೆದು ಹಾಕಿ. ಸೋಪು, ಶುಂಠಿ, ಏನೂ ಒಳಗೆ ಹೋಗಕೂಡದು. ಹೊಟ್ಟೆ ಉಬ್ಬಿ ಗಟ್ಟಿಯಾದ್ರೆ, ವಾಂತಿ ಆದ್ರೆ, ಮತ್ತೆ ರಕ್ತ ಕಂಡ್ರೆ ತಕ್ಷಣ ಬನ್ನಿ" ಎಂದರು. ಆಮೇಲೆ ಅತ್ತೆಯ ಕಡೆ ತಿರುಗಿ, "ಅಜ್ಜಿ, ನಿಮ್ಮ ಕೈ ಚೆನ್ನಾಗಿ ಪಳಗಿದೆ. ಬೆಚ್ಚಗಿನ ಸ್ನಾನ ಆದ್ಮೇಲೆ ಹೊಟ್ಟೆನ ಹಿಂಗೆ ಸುತ್ತಲೂ ಮೆತ್ತಗೆ ಉಜ್ಜಿ, ಕಾಲನ್ನ ಸೈಕಲ್ ತುಳಿಸಿದ ಹಾಗೆ ಆಡಿಸಿ" ಎಂದರು. ಅತ್ತೆ, "ಸೈಕಲ್ ನಾನೇ ತುಳಿದಿಲ್ಲ, ಇವನಿಗೆ ಕಲಿಸ್ತೀನಿ ಬಿಡಿ" ಎಂದರು.

ಮಾನ್ಯರೇ, ಫಲಿತಾಂಶ ಕೂಡಲೇ ಬರಲಿಲ್ಲ. ತಮ್ಮ ಸರಕು ಅಷ್ಟು ಸುಲಭವಾಗಿ ಜಾಗ ಖಾಲಿ ಮಾಡುವಂಥದ್ದಲ್ಲ. ಪರಂಗಿ ತಿಂದ, ನೀರು ಕುಡಿದ, ಸೈಕಲ್ ತುಳಿದ. ನಾವು ಅವನ ಮುಖ ನೋಡುತ್ತ ಕೂತೆವು. ಶನಿವಾರ ಬಂತು. ಅಂದು ಮೀನುಗಾರರ ಹಿರಿಯರೊಬ್ಬರ ಅಂತ್ಯಕ್ರಿಯೆ. ತುಂಬು ಬಾಳು ಬಾಳಿದವರ ಸಾವಿಗೆ ಉಡುವ ಬಿಳಿ ಬಟ್ಟೆಯನ್ನು ಅತ್ತೆ ಗಂಜಿ ಹಾಕಿಸಿ ಉಟ್ಟು, ಮಣಿಸರ ಹಾಕಿ ಸಿದ್ಧರಾದರು. ಹೊರಡುವ ಮುನ್ನ ಒಂದು ಸಲ ಉಜ್ಜಿಬಿಡುತ್ತೇನೆಂದು ಎಲಿಕೆಮ್‌ನನ್ನು ತೊಡೆಯ ಮೇಲೆ ಹಾಕಿಕೊಂಡರು. ಅವನು ಮುಖ ಕಿವುಚಿದ. ಮುಷ್ಟಿ ಬಿಗಿದ. ಇದ್ದಕ್ಕಿದ್ದಂತೆ ಮುಖ ಸಡಿಲಾಗಿ, ನಿಧಿ ಕಂಡವನಂತೆ ನಕ್ಕ.

ಎಷ್ಟು ಬಂತೆಂದು ನಾನು ವರ್ಣಿಸುವುದಿಲ್ಲ. ಇದು ಮರ್ಯಾದಸ್ಥರಿಗೆ ಬರೆದ ಪತ್ರ. ಅತ್ತೆಯ ಬಿಳಿ ಬಟ್ಟೆ ಸೊಂಟದಿಂದ ಪಾದದವರೆಗೆ ಪರಂಗಿ ತೋಟವಾಯಿತು. ಅವರು ಎದ್ದು, ಮಗುವನ್ನು ಎತ್ತಿ ಹಿಡಿದು, ಬಾಗಿಲಾಚೆ ಹೋಗಿ ಬೀದಿಗೆಲ್ಲ ಕೇಳುವಂತೆ, "ಬಂತೂ! ಬಂತೂ! ನನ್ನ ರಾಜಂಗೆ ಬಂತೂ!" ಎಂದು ಕೂಗಿ ಕುಣಿದರು. ಅಂತ್ಯಕ್ರಿಯೆಗೆ ಹೊರಟಿದ್ದ ಜನ ನಿಂತರು. ಡೋಲು ಹೊತ್ತವರೂ ನಿಂತರು. ಅವರಲ್ಲೊಬ್ಬ ಎರಡು ಪೆಟ್ಟು ಹಾಕಿಯೂ ಬಿಟ್ಟ. ಸತ್ತ ಹಿರಿಯರು ಅಂದು ತುಸು ಹೊತ್ತು ಕಾಯಬೇಕಾಯಿತು. ಅವರಿಗೂ ಮೊಮ್ಮಕ್ಕಳಿದ್ದರು, ಅರ್ಥಮಾಡಿಕೊಂಡಿರುತ್ತಾರೆ. ಜನರ ನಡುವೆ ಎಸಿನಾಮ್ ನಿಂತಿದ್ದಳು. ಬಂದು ಎಲಿಕೆಮ್‌ನನ್ನು ಹಾಗೇ, ತೊಳೆಯುವುದಕ್ಕೂ ಮುಂಚೆ, ತನ್ನ ಹೊಸ ರವಿಕೆಗೆ ಒತ್ತಿ ಹಿಡಿದುಕೊಂಡಳು. ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ. ಅತ್ತೆ ಅವಳ ಬೆನ್ನು ಸವರುತ್ತ ನಿಂತರು.

ಇನ್ನು ತಮ್ಮಲ್ಲಿ ನನ್ನ ವಿನಂತಿಗಳು. ಉಳಿದ ಪುಡಿಯನ್ನು ದೆಲಾಲಿ ಕಲಸಿ ಒಂದು ಹಳೇ ದೋಣಿಯ ಬಿರುಕಿಗೆ ಮೆತ್ತಿದ್ದಾನೆ. ಈವರೆಗೆ ಒಂದು ಹನಿಯೂ ಒಳಬಂದಿಲ್ಲ. ಆದ್ದರಿಂದ ದಯವಿಟ್ಟು ತಮ್ಮ ಸರಕನ್ನು ಶಿಶುಗಳ ಕಪಾಟಿನಿಂದ ತೆಗೆದು ಸಿಮೆಂಟಿನ ಪಕ್ಕದಲ್ಲಿಟ್ಟು ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಿಸಬೇಕು. ಡಬ್ಬದ ಮೇಲೆ ನಗುತ್ತಿರುವ ಮಗುವಿನ ಪಕ್ಕದಲ್ಲಿ ಅದೇ ಮಗು ವಾರದ ನಂತರ ಹೇಗಿತ್ತೆಂಬ ಚಿತ್ರವನ್ನೂ ಅಚ್ಚು ಹಾಕಿಸಬೇಕು. ತಾವು ಸ್ವತಃ ಒಮ್ಮೆ ಕೇಟಾಕ್ಕೆ ಬಂದು, ಹರ್ಮಟಾನ್ ಬೀಸುವಾಗ, ಚಮಚ ನಿಲ್ಲುವಷ್ಟು ಗಟ್ಟಿಯಾಗಿ ಕಲಸಿದ್ದನ್ನು ಹೊತ್ತುಹೊತ್ತಿಗೆ ನೀರಿಲ್ಲದೆ ಉಣ್ಣಬೇಕು. ಆಮೇಲೆ ಬಾದಾಮಿ ಮರದ ಕೆಳಗೆ ಕೂರಿಸಿ, ಬೀದಿಯ ಹೆಂಗಸರೆಲ್ಲ ಸುತ್ತ ನಿಂತು ತಮ್ಮನ್ನು ಹುರಿದುಂಬಿಸುತ್ತೇವೆ. ಪಿಯಾನೋ ತಾವೇ ತನ್ನಿ. ಪ್ರೀತಿಗೆ ನಮ್ಮಲ್ಲಿ ಕೊರತೆಯಿಲ್ಲ.

ತಮ್ಮ ಸುಗಮ ವಿಸರ್ಜನೆಯನ್ನು ಹಗಲಿರುಳು ಹಾರೈಸುವ,

ತಮ್ಮ ವಿಶ್ವಾಸಿ,
ಅಕೋಫಾ,
ಎಲಿಕೆಮ್‌ನ ತಾಯಿ, ಕೇಟಾ

ವಿ.ಸೂ.: ತಮ್ಮ ಕಂಪನಿ ಹಲ್ಲಿಲ್ಲದ ವೃದ್ಧರಿಗಾಗಿಯೂ ಒಂದು ಪುಡಿ ಹೊರತರಲಿದೆಯೆಂದು ರೇಡಿಯೋದಲ್ಲಿ ಕೇಳಿದೆವು. ಅತ್ತೆ ಹೇಳಿಕಳಿಸಿದ್ದಾರೆ: ಅದನ್ನು ಮೊದಲು ತಮ್ಮ ತಾಯಿಯವರಿಗೆ ಒಂದು ತಿಂಗಳು ತಿನ್ನಿಸಿ; ಆಮೇಲೂ ಅವರು ತಮ್ಮನ್ನು ಮಗನೇ ಎಂದು ಕರೆದರೆ, ಆಗ ಮಾತಾಡೋಣ.