ಶೇಕಡಾ ಇಪ್ಪತ್ತು ಉಪ್ಪಿನ ದೆವ್ವಗಳು

"ಈ ಸಲ ನಮ್ಮ ಅಂಗಳ ನೋಡಿ ಹೆದರದ ಮಗು ಈ ಬೀದಿಯಲ್ಲೇ ಇರಬಾರದು!" ಎಂದು ಲೈಲ್ ಟ್ವೆಟ್ ಅಕ್ಟೋಬರ್‌ನ ಮೊದಲ ಭಾನುವಾರ ಕಾಫಿ ಲೋಟದ ಮುಂದೆ ಘೋರ ಶಪಥ ಮಾಡಿದ. ಆಕಾಶದಿಂದ ಹೂಮಳೆಯೊಂದು ಸುರಿಯಲಿಲ್ಲ, ಅಷ್ಟೆ.

ಹೆಂಡತಿ ಆರ್ಲೀನ್ ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಹೋದ ವರ್ಷ ಎಷ್ಟು ಮಕ್ಕಳು ಬಂದಿದ್ರು?"

"ಮೂರು."

"ಅದರಲ್ಲಿ ಒಂದಕ್ಕೆ ಬಾತ್‌ರೂಮ್ ಬೇಕಿತ್ತು."

ನೋವಿದ್ದದ್ದು ಅಲ್ಲೇ. ವಿಸ್ಕಾನ್ಸಿನ್ನಿನ ಆ ಪುಟ್ಟ ಊರಿನಲ್ಲಿ ಹ್ಯಾಲೋವೀನ್ ಎಂಬ ದೆವ್ವಗಳ ಹಬ್ಬದ ದಿನ ಅಂಗಳಗಳಲ್ಲಿ ದೆವ್ವದ ಬೊಂಬೆಗಳು ನಿಲ್ಲುತ್ತವೆ, ಸಂಜೆ ನಾಲ್ಕರಿಂದ ಏಳರವರೆಗೆ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಮಿಠಾಯಿ ಕೇಳುತ್ತ ಬರುತ್ತಾರೆ. ಮಕ್ಕಳಿಲ್ಲದ ಲೈಲ್‌ನ ಮನೆಯಲ್ಲಿ ಕರೆಗಂಟೆ ಬಿಡದೆ ಬಾರಿಸಬೇಕಾದ ಸಂಜೆ ವರ್ಷಕ್ಕೆ ಅದೊಂದೇ. ಆದರೆ ಹಿಂಡೆಲ್ಲ ನುಗ್ಗುತ್ತಿದ್ದದ್ದು ಎದುರು ಮನೆಗೆ. ಅಲ್ಲಿ ಎಂಬತ್ತೊಂದರ ಬರ್ನಡೆಟ್, ಎಲೆ ಬಾಚುವ ಕುಂಟೆಯ ಮೇಲೆ ಹಳೆಯ ಹಾಸಿಗೆ ಹೊದಿಕೆ ಹೊದಿಸಿ, ಕಣ್ಣಿಗೆ ಎರಡು ತೂತು ಮಾಡಿ ನಿಲ್ಲಿಸುತ್ತಿದ್ದರು. ಮೂವತ್ತೊಂದು ವರ್ಷದಿಂದ ಅದೇ ಹೊದಿಕೆ, ಅವೇ ತೂತು!

ಲೈಲ್ ಡೇರಿಯ ಪ್ರಯೋಗಾಲಯದಲ್ಲಿ ಮೂವತ್ತಮೂರು ವರ್ಷ ಹಾಲಿನ ಕೊಬ್ಬನ್ನು ದಶಮಾಂಶದ ಎರಡನೆಯ ಸ್ಥಾನದವರೆಗೆ ಅಳೆದು ನಿವೃತ್ತನಾದವನು. ಅಂಥವನು ದೆವ್ವವನ್ನು ಕಣ್ಣಂದಾಜಿನಲ್ಲಿ ಮಾಡುತ್ತಾನೆಯೇ? ಕೋಳಿಗೂಡಿನ ತಂತಿಬಲೆಯನ್ನು ಮನುಷ್ಯಾಕಾರಕ್ಕೆ ಬಗ್ಗಿಸುವುದು. ಚೀಸ್ ಸೋಸುವ ಜಾಳು ಬಟ್ಟೆಯನ್ನು ಮೈದಾ ಅಂಟಿನಲ್ಲಿ ಅದ್ದಿ ಅದರ ಮೇಲೆ ಇಳಿಬಿಡುವುದು. ಒಣಗಿ ಗಟ್ಟಿಯಾದ ಮೇಲೆ ಬಲೆಯನ್ನು ಹೊರಗೆಳೆಯುವುದು. ಒಳಗೆ ಯಾರೂ ಇಲ್ಲ, ಬಟ್ಟೆ ಮಾತ್ರ ತಾನಾಗಿ ನಿಂತಿದೆ! ಯೋಚನೆ ನಿಜಕ್ಕೂ ಭಲೇ ಎನ್ನುವಂಥದ್ದು.

ಒಂದೇ ತೊಡಕು: ಬೂಷ್ಟು. ಮೈದಾ ಅಂಟು ಅಕ್ಟೋಬರ್‌ನ ತೇವಕ್ಕೆ ಹಸಿರು ಗಡ್ಡ ಬಿಡುತ್ತದೆ. ಅದನ್ನು ತಡೆಯಲು ಎಷ್ಟು ಉಪ್ಪು ಬೇಕೆಂದು ನೋಡಲು ಲೈಲ್ ಉಪ್ಪಿಲ್ಲದ್ದು, ಶೇಕಡಾ ಐದರದ್ದು, ಶೇಕಡಾ ಇಪ್ಪತ್ತರದ್ದು ಎಂದು ಮೂರು ಅಂಟಿನ ಸೀಸೆಗಳಿಗೆ ಚೀಟಿ ಅಂಟಿಸಿ ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟ.

"ಲೈಲ್, ನನ್ನ ಸೌತೆ ಉಪ್ಪಿನಕಾಯಿ ಪಕ್ಕ ಇದೇನು?"

"ದೆವ್ವದ ಚರ್ಮ. ಮುಟ್ಟಬೇಡ."

"ನಲವತ್ತೆರಡು ವರ್ಷ ಆಯ್ತು ಮದುವೆಯಾಗಿ. ಈ ಮಾತು ಇವತ್ತೇ ಮೊದಲು ಕೇಳಿದ್ದು," ಎಂದು ಆರ್ಲೀನ್ ತನ್ನ ಸೀಸೆಯನ್ನು ಎತ್ತಿಕೊಂಡು ಹೋದಳು.

ಹನ್ನೆರಡನೆಯ ದಿನಕ್ಕೂ ಬೂಷ್ಟು ಹಿಡಿಯದೆ ಉಳಿದದ್ದು ಶೇಕಡಾ ಇಪ್ಪತ್ತರ ಸೀಸೆ ಮಾತ್ರ. ತೀರ್ಪು ಹೊರಬಿತ್ತು! ಕಾರು ಶೆಡ್ಡಿನಿಂದ ಹೊರಬಿದ್ದು ಇಬ್ಬನಿಯಲ್ಲಿ ನಿಂತಿತು. ಶೆಡ್ಡಿನಲ್ಲಿ ಒಂಬತ್ತು ದೆವ್ವಗಳು ಆರ್ಲೀನಳ ಕೂದಲು ಒಣಗಿಸುವ ಯಂತ್ರದ ಮುಂದೆ ಮೈ ಕಾಯಿಸಿಕೊಂಡವು. ಯಂತ್ರ ನಾಲ್ಕನೆಯ ದೆವ್ವಕ್ಕೆ ಸುಟ್ಟುಹೋಯಿತು. ಆರ್ಲೀನ್ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡೇ ಉಳಿದ ಐದಕ್ಕೆ ಪೇಪರಿನಿಂದ ಗಾಳಿ ಬೀಸಿದಳು. ಅಂಥ ಹೆಂಡತಿ ಎಲ್ಲರಿಗೂ ಸಿಗುವುದಿಲ್ಲ.

ಹಬ್ಬದ ಹಿಂದಿನ ಸಂಜೆ ಒಂಬತ್ತೂ ಅಂಗಳದಲ್ಲಿ ಸಾಲುಗಟ್ಟಿದವು. ಬೆಳಿಗ್ಗೆ ನೋಡಿದರೆ ಐದಕ್ಕೆ ಸೊಂಟದಿಂದ ಕೆಳಗೆ ಏನೂ ಇಲ್ಲ! ಅವು ನೆಲದ ಮೇಲೆ ಕುಸಿದು ಬಿದ್ದಿದ್ದವು.

ಲೈಲ್ ಟೇಪು ಹಿಡಿದು ಅಳೆದ. ಕಣ್ಣು ತಾನಾಗಿ ಎದುರು ಮನೆಯತ್ತ ಹೋಯಿತು. ದೆವ್ವದ ಚಿಂದಿಯೊಂದನ್ನು ಹಿಡಿದು, ಹೊದಿಕೆ ಸರಿಪಡಿಸುತ್ತಿದ್ದ ಬರ್ನಡೆಟ್ ಬಳಿ ಹೋದ. "ನೀವೇನಾದ್ರೂ... ನಮ್ಮ ಅಂಗಳದ ಕಡೆ..."

"ನಾನಾ? ಈ ಮಂಡಿ ಇಟ್ಕೊಂಡು ನಿನ್ನ ದೆವ್ವ ಹರಿಯೋಕೆ ಬರ್ತೀನಾ? ಬಂದಿದ್ರೆ ವಾಪಸ್ ಹೋಗೋಕಾಗ್ದೆ ನಾನೇ ಹತ್ತನೇ ದೆವ್ವ ಆಗಿ ನಿಂತಿರ್ತಿದ್ದೆ, ಕೊಡಯ್ಯ ಇಲ್ಲಿ!" ಅವರು ಅವನ ಕೈಯಲ್ಲಿದ್ದ ಚಿಂದಿಯನ್ನು ಕಸಿದು ನಾಲಿಗೆಯ ತುದಿಗೆ ಮುಟ್ಟಿಸಿದರು. ಮುಖ ಕಿವುಚಿಕೊಂಡರು, ಆಮೇಲೆ ನಗುವಿಗೆ ಹೊಟ್ಟೆ ಕುಣಿಯತೊಡಗಿತು. "ಉಪ್ಪು! ಜಿಂಕೆ ಬರ್ಲಿ ಅಂತ ಬೇಟೆಗಾರರು ಕಾಡಲ್ಲಿ ಏನಯ್ಯಾ ಇಡ್ತಾರೆ? ಉಪ್ಪಿನ ಗಡ್ಡೆ! ನಮ್ಮೋರು ಇದ್ದಾಗ ಶೆಡ್ಡಲ್ಲಿ ಅದೇ ತುಂಬಿರ್ತಿತ್ತು. ನೀನು ಒಂಬತ್ತು ಜನಕ್ಕೆ ಎಲೆ ಹಾಕಿ ಕರೆದಿದೀಯಲ್ಲೋ!"

ಆ ಊರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿದ್ದ ವಿಷಯ ಲೈಲ್‌ನ ಲೆಕ್ಕದಲ್ಲಿ ಮಾತ್ರ ಇರಲಿಲ್ಲ.

ಹೊಸದು ಮಾಡಲು ಹೊತ್ತಿರಲಿಲ್ಲ. ಉಳಿದ ನಾಲ್ಕನ್ನೇ ಹತ್ತಿರ ಹತ್ತಿರ ನಿಲ್ಲಿಸಿದ. ನಾಲ್ಕು ಗಂಟೆಯಾಯಿತು, ಮಕ್ಕಳು ಎದುರು ಮನೆಗೆ ಹೋದರು. ಐದಾಯಿತು, ಆಗಲೂ ಎದುರು ಮನೆಗೇ. ಆರ್ಲೀನ್ ಮಿಠಾಯಿ ಬೋಗುಣಿಯನ್ನು ಮಡಿಲಲ್ಲಿಟ್ಟುಕೊಂಡು ಮಿಠಾಯಿಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸುತ್ತ ಕೂತಿದ್ದಳು.

ಸೂರ್ಯ ಇಳಿಯುತ್ತಿದ್ದಂತೆ ಬೇಲಿಯ ಹಿಂದಿನಿಂದ ಮೂರು ಜಿಂಕೆಗಳು ಬಂದವು. ಎರಡು ಹೆಣ್ಣು, ಒಂದು ಗಂಡು. ಗಂಡು ಜಿಂಕೆ ಸಾಲಿನ ಕೊನೆಯ ದೆವ್ವದೊಳಗೆ ತಲೆ ತೂರಿಸಿ ಮನಸಾರೆ ನೆಕ್ಕಿತು, ನೆಕ್ಕಿ ತಲೆ ಎತ್ತಿತು. ದೆವ್ವ ಪೂರ್ತಿ ಕೊಂಬಿಗೆ ಸಿಕ್ಕಿಕೊಂಡು ಮೇಲೆದ್ದಿತು! ಎಂಟಡಿ ಎತ್ತರದ ಬಿಳಿ ಆಕಾರ ಉಸಿರಿನ ಹಬೆ ಬಿಡುತ್ತ, ಗೊರಸು ಟಕಟಕ ಅನ್ನಿಸುತ್ತ ಅಂಗಳದ ಉದ್ದಕ್ಕೂ ನಡೆಯಿತು.

ಬೀದಿಯಲ್ಲಿ ಎದ್ದ ಕಿರುಚಾಟ ಡೇರಿಯವರೆಗೂ ಕೇಳಿಸಿರಬೇಕು. ಆ ಸದ್ದಿಗೆ ಜಿಂಕೆ ಒಮ್ಮೆ ತಲೆ ಕೊಡವಿ, ಬಟ್ಟೆಯನ್ನು ಬೇಲಿಗೆ ಬಿಟ್ಟು, ಕಾಡು ಸೇರಿತು. ಮಕ್ಕಳು ಲೈಲ್‌ನ ಬಾಗಿಲಿಗೆ ನುಗ್ಗಿದರು. ಕರೆಗಂಟೆ ಬಿಡದೆ ಬಾರಿಸಿತು! ಅರವತ್ತನಾಲ್ಕು ಮಕ್ಕಳು! ಮಿಠಾಯಿ ಮುಗಿದಾಗ ಬರ್ನಡೆಟ್ ತಮ್ಮ ಬೋಗುಣಿಯನ್ನೇ ಹೊತ್ತು ತಂದರು. "ತಗೋ, ಇವತ್ತು ನನ್ನ ಹೊದಿಕೆ ಸೋತಿತು."

ಲೈಲ್‌ನ ಎದೆ ಒಂದೂವರೆ ಅಂಗುಲ ಉಬ್ಬಿತು. ಕೊನೆಯಲ್ಲಿ ಬಂದವಳು ಜೇನುನೊಣದ ವೇಷದ ಪುಟ್ಟ ಹುಡುಗಿ. ಕಣ್ಣರಳಿಸಿ ಹೇಳಿದಳು: "ತಾತಾ, ನಡೆಯೋ ದೆವ್ವ ಎಷ್ಟು ಚೆನ್ನಾಗಿತ್ತು!"

"ಅದರ ಅಂಟಿನಲ್ಲಿ, ಪುಟ್ಟಿ, ನಿಖರವಾಗಿ ಶೇಕಡಾ ಇಪ್ಪತ್ತು..." ಎಂದು ಲೈಲ್ ಶುರುಮಾಡಿದ.

ಅವಳು ಮಿಕ್ಕ ಮೂರು ದೆವ್ವಗಳತ್ತ ಬೆರಳು ತೋರಿಸಿದಳು. "ಆದ್ರೆ ತಾತಾ, ಹಬ್ಬದ ದಿನ ಯಾಕೆ ಬಟ್ಟೆ ಒಣಗೋಕೆ ಹಾಕಿದೀರಾ?"

ಹಿಂದೆ ನಗು ತಡೆಯಲಾರದ ಆರ್ಲೀನಳ ಕೈಯಿಂದ ಬೋಗುಣಿ ಜಾರಿ ಬಿದ್ದ ಸದ್ದು. ಲೈಲ್ ಅತ್ತ ತಿರುಗಲಿಲ್ಲ. ಹುಡುಗಿಯ ಚೀಲಕ್ಕೆ ಎರಡು ಮಿಠಾಯಿ ಹೆಚ್ಚಾಗಿಯೇ ಹಾಕಿದ.

"ಮರೆತೇಹೋಗಿತ್ತು ಪುಟ್ಟಿ, ಈಗ್ಲೇ ಎತ್ತಿಡ್ತೀನಿ."