ಐದು ಗೇಮು, ಒಂದೇ ದೋಷ

ಹೋದ ಶನಿವಾರ ಬೆಳಗ್ಗೆ ಹತ್ತೂವರೆಗೆ, ವಿದ್ಯಾರಣ್ಯಪುರದ ತಮ್ಮ ಮನೆಯ ಹಾಲ್‌ನಲ್ಲಿ ಕೂತು, ನಮ್ಮ ದೊಡ್ಡಪ್ಪ ಎರಡು ತಿಂಗಳಲ್ಲಿ ಐದನೇ ಆಕ್ಷನ್ ಗೇಮನ್ನು ರಿಜೆಕ್ಟ್ ಮಾಡಿದರು. ಅದು ಬಿಡುಗಡೆಯಾಗಿ ಎರಡೇ ದಿನವಾಗಿತ್ತು. ಜಗತ್ತೆಲ್ಲ ಹೊಗಳುತ್ತಿತ್ತು. ಜಗತ್ತಿಗೇನು ಗೊತ್ತು? ಜಗತ್ತು ಜಾಲಹಳ್ಳಿಯ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಇನ್‌ಸ್ಪೆಕ್ಟರ್ ಆಗಿತ್ತೇ?

ದೊಡ್ಡಪ್ಪ ಆಗಿದ್ದರು. ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದ ಬಿಡಿಭಾಗಕ್ಕೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು ಅವರ ಕೆಲಸ. ನಿವೃತ್ತರಾದವರೆಲ್ಲ ಪಾರ್ಕಿಗೆ ಹೋದರೆ, ಇವರು ಅಂಗಡಿಗೆ ಹೋಗಿ ಗೇಮ್ ಯಂತ್ರ ತಂದರು. ಆಡಲಿಕ್ಕಲ್ಲ, ತಪಾಸಣೆಗೆ! ವರದಿ ನನಗೆ ಫೋನಿನಲ್ಲಿ ಬರುತ್ತದೆ, ಪತ್ರಿಕೆಯ ಕಚೇರಿಯಲ್ಲಿ ನಾನು ಪುಟ ಮುಗಿಸಲು ಒದ್ದಾಡುವ ಹೊತ್ತಿಗೇ ಸರಿಯಾಗಿ.

"ಬರ್ಕೋ. ಹೀರೋ ಮೂರನೇ ಮಹಡಿಯಿಂದ ಹಾರ್ದ. ಮಂಡಿ ಹಿಡ್ಕೊಳ್ಳಲಿಲ್ಲ. ರಿಜೆಕ್ಟ್."

"ದೊಡ್ಡಪ್ಪ, ಅದು ಗೇಮು."

"ಮಂಡಿ ಮಂಡೀನೇ ಕಣೋ!"

ಇನ್ನೊಂದರಲ್ಲಿ ಕೋಟೆಯಿತ್ತು, ನಲವತ್ತು ಕಾವಲುಗಾರರಿದ್ದರು. ಕದ್ದು ಒಳಗೆ ನುಗ್ಗಬೇಕು. ದೊಡ್ಡಪ್ಪ ನುಗ್ಗಲಿಲ್ಲ. ಬಾಗಿಲ ಎದುರಿನ ಪೊದೆಯಲ್ಲಿ ಮುಕ್ಕಾಲು ಗಂಟೆ ಹೀರೋನನ್ನು ಕೂರಿಸಿ ಎರಡನೇ ಶಿಫ್ಟಿಗೆ ಕಾದರು.

"ಒಬ್ಬನಾದ್ರೂ ಟೀಗೆ ಹೋಗ್ತಾನಾ? ಇವ್ರಿಗೆ ಯೂನಿಯನ್ ಇಲ್ವಾ?"

ಫೋನಿನ ಹಿಂದೆ ದೊಡ್ಡಮ್ಮನ ದನಿ ಕೇಳಿಸಿತು: "ಅವ್ರನ್ನ ಬಿಡ್ರೀ. ನೀವು ಊಟಕ್ಕೆ ಬನ್ನಿ, ನಿಮ್ ಶಿಫ್ಟ್ ಮುಗೀತು."

ಇಂಥವನ್ನೆಲ್ಲ ಹೂಂ ಹೂಂ ಎಂದು ಕೇಳಿ ಫೋನ್ ಇಡಬಹುದಿತ್ತು. ಆದರೆ ಐದೂ ವರದಿಗಳಲ್ಲಿ ಒಂದು ದೂರು ತಪ್ಪದೆ ಬಂತು. ಜಿಗಿಯುವ ಬಟನ್ ತಡ. ಇವರು ಒತ್ತುತ್ತಾರೆ, ಹೀರೋ ಹಳ್ಳಕ್ಕೆ ಬೀಳುತ್ತಾನೆ!

"ಐದು ಕಂಪನಿ, ಐದೂ ಕಳ್ಳರು. ಪೇಪರಲ್ಲಿ ಹಾಕು."

"ಪರೀಕ್ಷೆ ಮಾಡದೆ ಹಾಕೋಕಾಗಲ್ಲ ದೊಡ್ಡಪ್ಪ."

"ನಾನು ರಿಜೆಕ್ಟ್ ಮಾಡಿದ್ದು ಒಂದೂ ತಪ್ಪಾಗಿಲ್ಲ ಕಣೋ. ನನ್ ಹೆಸರಿಗೆ ಅಂತ ಇರೋದು ಅದೊಂದೇ."

ಭಾನುವಾರ ವಾರದ ರಜೆ. ಆರ್.ಟಿ. ನಗರದ ಮನೆಯಲ್ಲಿ ಮಲಗಿರಬೇಕಾದವನು ವಿದ್ಯಾರಣ್ಯಪುರದ ಬಸ್ ಹತ್ತಿದೆ. ಐದೂ ಗೇಮ್‌ಗಳನ್ನು ಒಂದೊಂದಾಗಿ ಹಾಕಿಸಿಕೊಂಡೆ. ನನಗೆ ಆಡಲು ಬರುವುದಿಲ್ಲ. ಜಿಗಿಯುವುದನ್ನಷ್ಟೇ ಮಾಡಿದೆ, ಒಂದೊಂದರಲ್ಲಿ ಇಪ್ಪತ್ತು ಸಲ. ಒತ್ತಿದ ಕ್ಷಣವೇ ಹೀರೋ ಜಿಗಿದ. ನೂರಕ್ಕೆ ನೂರು ಸಲ.

"ಕೊಡಿಲ್ಲಿ," ಎಂದು ದೊಡ್ಡಪ್ಪ ಕಂಟ್ರೋಲರ್ ಕಿತ್ತುಕೊಂಡರು. ನಾನು ಟಿವಿ ನೋಡಲಿಲ್ಲ, ಅವರ ಬಲಗೈ ಹೆಬ್ಬೆರಳು ನೋಡಿದೆ. ಅದು ಬಟನ್ ಮೇಲೆ ಬಂದು ನಿಂತಿತು. ಸಣ್ಣಗೆ ನಡುಗಿತು. ಆಮೇಲೆ ಇಳಿಯಿತು. ಅಷ್ಟರಲ್ಲಿ ಹೀರೋ ಹಳ್ಳದಲ್ಲಿದ್ದ.

ದೊಡ್ಡಪ್ಪನೂ ಹೆಬ್ಬೆರಳನ್ನೇ ನೋಡುತ್ತಿದ್ದರು. ಇನ್ನೊಮ್ಮೆ ಒತ್ತಿದರು. ಮತ್ತೊಮ್ಮೆ ಒತ್ತಿದರು.

"ಐದು ಪೀಸಲ್ಲೂ ಒಂದೇ ದೋಷ ಬಂದ್ರೆ ಪೀಸ್ ಸರಿ ಇರತ್ತೆ ಕಣೋ," ಎಂದರು. "ಅಳತೆ ನೋಡೋ ಸಾಧನ ಕೆಟ್ಟಿರತ್ತೆ. ಹೊಸಬರಿಗೆ ಮೊದಲ್ನೇ ದಿನ ನಾನೇ ಹೇಳ್ಕೊಡ್ತಿದ್ದೆ."

ಕಂಟ್ರೋಲರನ್ನು ನನ್ನ ಕೈಗೆ ಕೊಟ್ಟು, "ಪೇಪರಲ್ಲಿ ಹಾಕ್ಬೇಡ" ಎಂದರು.

ದೊಡ್ಡಮ್ಮ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು. "ಎರಡು ತಿಂಗಳಿಂದ ಶರ್ಟಿನ ಗುಂಡಿ ಹಾಕು ಬಾ ಅಂತ ಕರೀತಿದ್ರಿ. ನಾನು ಪ್ರೀತಿ ಅಂದ್ಕೊಂಡಿದ್ದೆ."

"ಅದೂ ಇತ್ತು," ಎಂದರು ದೊಡ್ಡಪ್ಪ.

ಮಂಗಳವಾರ ಹೆಬ್ಬಾಳದ ನರರೋಗ ತಜ್ಞರೊಬ್ಬರು ಪರೀಕ್ಷಿಸಿ ಮಾತ್ರೆ ಬರೆದಿದ್ದಾರೆ. ತಿಂಗಳು ಬಿಟ್ಟು ಮತ್ತೆ ಬರಲು ಹೇಳಿದ್ದಾರೆ. ಗುರುವಾರ ಸಂಜೆ ನಾನು ಹೋದಾಗ ಐದನೇ ಗೇಮ್ ನಡೆದಿತ್ತು. ಕಂಟ್ರೋಲರಿನ ಎಡಭಾಗ ದೊಡ್ಡಪ್ಪನ ಕೈಯಲ್ಲಿತ್ತು, ಬಲಭಾಗ ಪಕ್ಕದಲ್ಲಿ ಒತ್ತಿ ಕೂತ ದೊಡ್ಡಮ್ಮನ ಕೈಯಲ್ಲಿ.

"ಈಗ ಒತ್ತೇ!"

"ಒತ್ತಿದೀನಿ ಕಣ್ರೀ, ಕಿರುಚ್ಬೇಡಿ!"

ಏಳೂವರೆಯ ಹೊತ್ತಿಗೆ ಹೀರೋ ಎರಡು ಹಳ್ಳ ದಾಟಿದ್ದ.